ಸಂಡೂರು: ಸಂಸ್ಥಾನವು ತಾಲ್ಲೂಕಾದ ಬಗೆ

ಬಳ್ಳಾರಿ ಜಿಲ್ಲೆಯ ಸಂಡೂರು ಇಂದು ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರಿಗೆ ಹೆಸರಾದ ತಾಲ್ಲೂಕು. ಆದರೆ 1949ರವರೆಗೆ ಅದು ಮರಾಠಾ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಅದರ ವಿಸ್ತೀರ್ಣ ಸುಮಾರು 160 ಚದರ ಮೈಲಿ. ಸುತ್ತಲೂ ಇದ್ದುದು ಬ್ರಿಟಿಷ್ ಆಳ್ವಿಕೆಯ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆ.

ಸಂಸ್ಥಾನದ ಉಳಿವು ಎಂದೂ ಸುಭದ್ರವಾಗಿರಲಿಲ್ಲ. 1817ರಲ್ಲಿ ಪೇಶ್ವೆಯ ಪರವಾಗಿ ಥಾಮಸ್ ಮನ್ರೋ ಸಂಡೂರನ್ನು ವಶಪಡಿಸಿಕೊಂಡರು. ಪೇಶ್ವೆಯೊಡನೆಯೇ ಬ್ರಿಟಿಷರಿಗೆ ಯುದ್ಧವಾದ ಬಳಿಕ 1818ರಲ್ಲಿ ಅದು ಘೋರ್ಪಡೆಯವರಿಗೆ ಮರಳಿತು. 1826ರಲ್ಲಿ ಸನ್ನದು ದೊರೆಯಿತು.

ಕೊನೆಯ ಅರಸರು ಯಶವಂತರಾವ್ ಹಿಂದೂರಾವ್ ಘೋರ್ಪಡೆ. ಅವರ ಕಾಲದಲ್ಲಿ ಕುಮಾರಸ್ವಾಮಿ ದೇವಾಲಯದ ಬಾಗಿಲು ದಲಿತರಿಗೆ ತೆರೆಯಿತು. 1934ರಲ್ಲಿ ಮಹಾತ್ಮ ಗಾಂಧಿ ಸಂಡೂರಿಗೆ ಭೇಟಿ ನೀಡಿದ್ದರು.

1947ರ ಆಗಸ್ಟ್ 15ರಂದು ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಅಂತ್ಯಗೊಂಡಿತು. ಕಾನೂನಿನ ಪ್ರಕಾರ ಸಂಡೂರಿನಂಥ ಪುಟ್ಟ ಸಂಸ್ಥಾನವೂ ಬ್ರಿಟಿಷರ ಹಂಗಿನಿಂದ ಮುಕ್ತವಾಯಿತು. ಆದರೆ ನಾಲ್ಕು ದಿಕ್ಕಿನಲ್ಲೂ ಭಾರತವೇ ಇರುವಾಗ ಪ್ರತ್ಯೇಕವಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಇಲ್ಲಿ ಸೇರ್ಪಡೆ ಮತ್ತು ವಿಲೀನದ ವ್ಯತ್ಯಾಸ ಗಮನಾರ್ಹ. ಸೇರ್ಪಡೆ ಪತ್ರದ ಮೂಲಕ ಸಂಸ್ಥಾನಗಳು ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶಾಂಗ ಮತ್ತು ಸಂಪರ್ಕ ಮಾತ್ರ. ಆಡಳಿತ ಅರಸರಲ್ಲೇ ಉಳಿಯಿತು. ವಿಲೀನವಾದರೆ ಸಂಸ್ಥಾನವೇ ಇಲ್ಲವಾಗುತ್ತದೆ. ಪುದುಕೋಟೆ ಹಾಗೂ ಬನಗಾನಪಲ್ಲಿ 1948ರಲ್ಲೇ ಮದ್ರಾಸಿನಲ್ಲಿ ವಿಲೀನಗೊಂಡವು. 1949ರ ಏಪ್ರಿಲ್ 1ರಂದು ಸಂಡೂರು ಕೂಡ ಬಳ್ಳಾರಿ ಜಿಲ್ಲೆಯ ಭಾಗವಾಯಿತು.

ಭಾರತಕ್ಕೆ ಸೇರಿದರೂ ಯಾವ ರಾಜ್ಯಕ್ಕೆ ಎಂಬ ಪ್ರಶ್ನೆ ಉಳಿದಿತ್ತು. ಆಂಧ್ರ ರಾಜ್ಯ ರಚನೆಯ ವೇಳೆ ಬಳ್ಳಾರಿಗಾಗಿ ಕನ್ನಡ ಮತ್ತು ತೆಲುಗು ಭಾಷಿಕರ ನಡುವೆ ತೀವ್ರ ವಿವಾದ ಎದ್ದಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಸಂಡೂರು ಮೊದಲಾದವು ಮೈಸೂರು ರಾಜ್ಯ ಸೇರಿದವು. ಹೀಗೆ ಐದು ವರ್ಷ ತುಂಬುವ ಮೊದಲೇ ಸಂಡೂರಿನ ಜನ ಸಂಸ್ಥಾನ, ಮದ್ರಾಸ್, ಮೈಸೂರು ಎಂಬ ಮೂರು ಆಡಳಿತಗಳನ್ನು ಕಂಡರು.

ಅರಸೊತ್ತಿಗೆ ಹೋದರೂ ಮನೆತನದ ಪ್ರಭಾವ ಅಳಿಯಲಿಲ್ಲ. 1954ರಲ್ಲಿ ಘೋರ್ಪಡೆಯವರು ಗಣಿ ಕಂಪನಿ ಸ್ಥಾಪಿಸಿದರು. ಅವರ ಪುತ್ರ ಎಂ.ವೈ. ಘೋರ್ಪಡೆ ಚುನಾವಣೆಯ ಹಾದಿಯಲ್ಲಿ ಶಾಸಕರಾಗಿ, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾದರು. 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದಾಗಲೂ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು.