ಹೊರುವವನು ದಿಕ್ಕಾದ ಬಗೆ

ಸೂರ್ಯನಿಂದ ಗ್ರಹದವರೆಗೆ ಎಳೆದ ಕಾಲ್ಪನಿಕ ಗೆರೆಯನ್ನು ಹದಿನೆಂಟನೆಯ ಶತಮಾನದ ಯುರೋಪಿನ ಖಗೋಳಜ್ಞರು ‘ರೇಡಿಯಸ್ ವೆಕ್ಟರ್’ ಎನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ವೆಕ್ಟರ್ ಎಂದರೆ ಹೊರುವವನು, ಸಾಗಿಸುವವನು. ಗ್ರಹವನ್ನು ಆ ಗೆರೆಯೇ ಹೊತ್ತು ಸುತ್ತಿಸುತ್ತದೆ ಎಂಬ ಭಾವ. ಇಂದು ಪಿಯುಸಿ ವಿದ್ಯಾರ್ಥಿ ಬರೆಯುವ ಬಾಣ, ಆರೋಗ್ಯ ಇಲಾಖೆ ಬೆನ್ನಟ್ಟುವ ಸೊಳ್ಳೆ, ಫ್ಲೆಕ್ಸ್ ಅಂಗಡಿಯವರು ಕೇಳುವ ಫೈಲು, ಚಾಟ್‌ಬಾಟ್‌ನ ಒಳಗಿರುವ ಸಂಖ್ಯೆಗಳ ಸಾಲು, ಎಲ್ಲಕ್ಕೂ ಇದೇ ಹೆಸರು. ಹೊರುವ ಅರ್ಥವನ್ನು ಬಿಡದೆ ಉಳಿಸಿಕೊಂಡದ್ದು ಜೀವವಿಜ್ಞಾನ. ಗಣಿತ ಅದನ್ನು ದಿಕ್ಕಿಗೆ ತಿರುಗಿಸಿತು. ಕಂಪ್ಯೂಟರಿನವರು ಬಹುಕಾಲ ಎರಡನ್ನೂ ಬಿಟ್ಟು, ಈಚೆಗೆ ದಿಕ್ಕಿನ ಕಡೆಗೆ ಮರಳಿದ್ದಾರೆ.

ಗಣಿತದಲ್ಲಿ ಪದವನ್ನು ದಿಕ್ಕಿಗೆ ತಿರುಗಿಸಿದವನು ವಿಲಿಯಂ ರೋವನ್ ಹ್ಯಾಮಿಲ್ಟನ್. ಐರ್ಲೆಂಡಿನ ರಾಜ ಖಗೋಳಜ್ಞನಾಗಿದ್ದ ಅವನಿಗೆ ರೇಡಿಯಸ್ ವೆಕ್ಟರ್ ನಿತ್ಯದ ಮಾತು. ಸಮತಲದ ಬಿಂದುಗಳನ್ನು ಜೋಡಿ ಸಂಖ್ಯೆಗಳಾಗಿ ಗುಣಿಸಬಹುದಾದರೆ ಮೂರು ಆಯಾಮದ ಬಿಂದುಗಳನ್ನು ಮೂರು ಸಂಖ್ಯೆಗಳಾಗಿ ಯಾಕೆ ಗುಣಿಸಲಾಗದು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ. 1843ರ ಅಕ್ಟೋಬರ್ 16ರಂದು ಹೆಂಡತಿಯೊಡನೆ ಡಬ್ಲಿನ್ನಿನ ಕಾಲುವೆ ದಂಡೆಯಲ್ಲಿ ನಡೆಯುವಾಗ ಉತ್ತರ ಹೊಳೆಯಿತು: ಮೂರು ಸಾಲದು, ನಾಲ್ಕು ಬೇಕು. ಸೂತ್ರವನ್ನು ಅಲ್ಲೇ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಗೀರಿದ. ಆ ನಾಲ್ಕರ ಗುಂಪೇ ಕ್ವಾಟರ್ನಿಯನ್. ಅದರಲ್ಲಿ ಬರೀ ಸಂಖ್ಯೆಯಾದ ಒಂದು ಭಾಗಕ್ಕೆ ಮುಂದೆ ಸ್ಕೇಲಾರ್ ಎಂದೂ, ದಿಕ್ಕನ್ನು ಸೂಚಿಸುವ ಉಳಿದ ಮೂರಕ್ಕೆ ವೆಕ್ಟರ್ ಎಂದೂ ಹೆಸರಿಟ್ಟ. ನಮ್ಮ ಪಠ್ಯಪುಸ್ತಕಗಳ ಅದಿಶ, ಸದಿಶಗಳ ಮೂಲ ಇದು.

ಮರುವರ್ಷವೇ, 1844ರಲ್ಲಿ, ಪ್ರಷ್ಯದ ಸ್ಟೆಟಿನ್ ಪಟ್ಟಣದ ಶಾಲಾಮಾಸ್ತರ ಹರ್ಮನ್ ಗ್ರಾಸ್‌ಮನ್ ಇನ್ನೂ ವಿಶಾಲವಾದ ಸಿದ್ಧಾಂತವೊಂದನ್ನು ಪ್ರಕಟಿಸಿದ. ಮೂರು ಆಯಾಮಕ್ಕೆ ನಿಲ್ಲದೆ, ಎಷ್ಟು ಆಯಾಮವಾದರೂ ಸರಿ ಎನ್ನುವ ಸಿದ್ಧಾಂತ. ಪುಸ್ತಕವನ್ನು ಓದಿದವರು ಬೆರಳೆಣಿಕೆಯಷ್ಟು. ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕರು ಕೊನೆಗೆ ರದ್ದಿಗೆ ಹಾಕಿದರು. ಬೇಸತ್ತ ಗ್ರಾಸ್‌ಮನ್ ಸಂಸ್ಕೃತದ ಕಡೆ ಹೊರಳಿ, ಋಗ್ವೇದಕ್ಕೆ ನಿಘಂಟು ರಚಿಸಿ, ಆ ವೇದವನ್ನು ಜರ್ಮನ್ನಿಗೂ ಅನುವಾದಿಸಿದ. ವೇದವಿದ್ವಾಂಸರು ಆ ನಿಘಂಟನ್ನು ಈಗಲೂ ತೆರೆಯುತ್ತಾರೆ. ಅದರ ಕರ್ತೃವೇ ಆಧುನಿಕ ಬೀಜಗಣಿತದ ಮೂಲಪುರುಷರಲ್ಲಿ ಒಬ್ಬನೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಭೌತಶಾಸ್ತ್ರಕ್ಕೆ ಬೇಕಾದದ್ದು ಹ್ಯಾಮಿಲ್ಟನ್ನನ ಇಡೀ ಕ್ವಾಟರ್ನಿಯನ್ ಆಗಿರಲಿಲ್ಲ, ಅದರ ಮುಕ್ಕಾಲು ಭಾಗ ಅಷ್ಟೆ. ವಿದ್ಯುತ್ ಮತ್ತು ಕಾಂತತ್ವದ ನಿಯಮಗಳನ್ನು ಮ್ಯಾಕ್ಸ್‌ವೆಲ್ 1865ರ ಪ್ರಬಂಧದಲ್ಲಿ 20 ಸಮೀಕರಣಗಳಾಗಿ ಬರೆದಿದ್ದ. ಕಾಲೇಜು ಮೆಟ್ಟಿಲು ಹತ್ತದ, ತಂತಿ ಕಚೇರಿಯ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಆಲಿವರ್ ಹೆವಿಸೈಡ್ ವೆಕ್ಟರ್ ಸಂಕೇತಗಳಿಂದ ಅವನ್ನು ನಾಲ್ಕಕ್ಕೆ ಇಳಿಸಿದ. ಇಂದು ಮ್ಯಾಕ್ಸ್‌ವೆಲ್ ಸಮೀಕರಣಗಳೆಂದು ಕಲಿಸುವುದು ಹೆವಿಸೈಡ್ ಕೊಟ್ಟ ಈ ರೂಪವನ್ನೇ. ಅತ್ತ ಅಮೆರಿಕದ ಯೇಲ್‌ನಲ್ಲಿ ವಿಲ್ಲರ್ಡ್ ಗಿಬ್ಸ್ ಸ್ವತಂತ್ರವಾಗಿ ಇದೇ ದಾರಿ ಹಿಡಿದು, 1881 ಮತ್ತು 1884ರಲ್ಲಿ ಟಿಪ್ಪಣಿಗಳನ್ನು ಖಾಸಗಿಯಾಗಿ ಅಚ್ಚು ಹಾಕಿಸಿ ಹಂಚಿದ.

ಹ್ಯಾಮಿಲ್ಟನ್ನನ ನಿಷ್ಠಾವಂತ ಅನುಯಾಯಿ ಪೀಟರ್ ಟೇಟ್‌ಗೆ ಇದನ್ನು ಸಹಿಸಲಾಗಲಿಲ್ಲ. ಗಿಬ್ಸನ ಪದ್ಧತಿ ಎರಡು ಸಂಕೇತಕ್ರಮಗಳನ್ನು ಬೆರಕೆ ಮಾಡಿದ ವಿಕಾರಜೀವಿ ಎಂದು ಜರೆದ. 1890ರ ದಶಕದ ಆರಂಭದಲ್ಲಿ ‘ನೇಚರ್’ ಪತ್ರಿಕೆಯ ಪುಟಗಳಲ್ಲಿ ಜಗಳ ಜೋರಾಗಿ ನಡೆಯಿತು. ಗಿಬ್ಸ್ ತಣ್ಣಗೆ ಉತ್ತರಿಸಿದ, ಹೆವಿಸೈಡ್ ಕುಟುಕಿದ. 1901ರಲ್ಲಿ ಗಿಬ್ಸನ ಶಿಷ್ಯ ಎಡ್ವಿನ್ ವಿಲ್ಸನ್ ಬರೆದ ಪಠ್ಯಪುಸ್ತಕ ಹೊರಬಂದ ಮೇಲೆ ವಾದ ಮುಗಿದಂತೆಯೇ. ಹಾಗಂತ ಸೋತವರು ಸತ್ತಿಲ್ಲ: ಉಪಗ್ರಹ ಯಾವ ಕಡೆ ಮುಖ ಮಾಡಿದೆ, ವಿಡಿಯೋ ಗೇಮಿನ ಪಾತ್ರ ಹೇಗೆ ತಿರುಗಬೇಕು ಎಂದು ಲೆಕ್ಕ ಹಾಕಲು ಈಗಲೂ ಕ್ವಾಟರ್ನಿಯನ್ನುಗಳನ್ನೇ ಬಳಸುತ್ತಾರೆ.

ಪರಿಮಾಣವೂ ದಿಕ್ಕೂ ಇದ್ದರೆ ಸದಿಶ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಈ ವ್ಯಾಖ್ಯೆ ಅರೆಬರೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಪರಿಮಾಣವಿದೆ, ದಿಕ್ಕಿದೆ, ಆದರೂ ಅದು ಅದಿಶ, ಯಾಕೆಂದರೆ ಸಮಾಂತರ ಚತುರ್ಭುಜದ ನಿಯಮದಂತೆ ಅದು ಕೂಡುವುದಿಲ್ಲ. ಹೇಗೆ ಕೂಡುತ್ತದೆ ಎಂಬುದೇ ಮುಖ್ಯ. ಇಟಲಿಯ ಗಣಿತಜ್ಞ ಪಿಯಾನೊ 1888ರಲ್ಲಿ ಗ್ರಾಸ್‌ಮನ್ನನ ವಿಚಾರವನ್ನು ಮುಂದುವರಿಸಿ ಕೂಡುವ, ಗುಣಿಸುವ ಕೆಲವೇ ನಿಯಮಗಳಿಂದ ಸದಿಶಗಳ ಲೋಕವನ್ನು ಕಟ್ಟಿದ. ಅಲ್ಲಿಗೆ ಬಾಣ ಬೇಕೇಬೇಕು ಎಂಬ ಕಟ್ಟು ಕಳಚಿತು. ಬಹುಪದಗಳೂ ಸದಿಶಗಳೇ ಆದವು.

ಜೀವವಿಜ್ಞಾನದ ಕಥೆ ಬೇರೆ. 1877ರಲ್ಲಿ ಚೀನಾದ ಅಮೋಯ್‌ನಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಆನೆಕಾಲು ರೋಗದ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಕಂಡ. ಆದರೆ ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದುಕೊಂಡ. 1893ರಲ್ಲಿ ಸ್ಮಿತ್ ಮತ್ತು ಕಿಲ್ಬೋರ್ನ್ ಅಮೆರಿಕದ ದನಗಳ ಜ್ವರವನ್ನು ಹರಡುವುದು ಉಣ್ಣೆ ಎಂದು ತೋರಿಸಿದರು. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನಲ್ಲಿದ್ದಾಗಲೇ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದ್ದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. ಇಂಥ ಕೀಟಗಳಿಗೆ ವೆಕ್ಟರ್ ಎಂಬ ಹೆಸರು ಬಿದ್ದದ್ದು ಆಮೇಲೆ, ಇಪ್ಪತ್ತನೆಯ ಶತಮಾನದಲ್ಲಿ.

ನಮ್ಮಲ್ಲಿ ಇದಕ್ಕೆ ರೋಗವಾಹಕ ಎನ್ನುತ್ತೇವೆ. ಪದ ಚೆನ್ನಾಗಿದೆ, ಆದರೆ ವಾಹಕವೆಂದರೆ ಬರೀ ಗಾಡಿಯಲ್ಲ. ಮನೆಯ ನೊಣ ಕಾಲಿಗಂಟಿದ ಕೊಳೆಯನ್ನು ತಂದು ಅನ್ನದ ಮೇಲಿಡುತ್ತದೆ, ಅಷ್ಟೇ. ಅನಾಫಿಲಿಸ್‌ನೊಳಗೆ ಪರಾವಲಂಬಿ ದಿನಗಟ್ಟಲೆ ಬೆಳೆದು, ರೂಪ ಬದಲಿಸಿದ ಮೇಲೆಯೇ ಇನ್ನೊಬ್ಬರಿಗೆ ದಾಟಬಲ್ಲದು. ಈ ವಿಷಯದಲ್ಲಿ ಮಲೆನಾಡಿನಷ್ಟು ಪಾಠ ಕಲಿಸಿದ ಜಾಗ ಕಡಿಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ಮಂಗ ಸಾಯುತ್ತಿದೆ ಎಂದಾಗ ಮೊದಲು ಎದ್ದ ಅನುಮಾನ, ಸೊಳ್ಳೆಯಿಂದ ಹರಡುವ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ರಷ್ಯಾದ ಉಣ್ಣೆಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ವಾಹಕ, ಕಾಡಿನ ಉಣ್ಣೆ. ಮರಿ ಉಣ್ಣೆಗೆ ಸೇರಿದ ವೈರಸ್ ಅದು ಪೊರೆ ಕಳಚಿ ಬೆಳೆದ ಮೇಲೂ ಒಳಗೇ ಉಳಿಯುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಕಾಯಿಲೆ ದಾಟುವುದಿಲ್ಲ. ಬೇಸಗೆಯಲ್ಲಿ ಸೌದೆ, ತರಗೆಲೆ ತರಲು ಕಾಡಿಗೆ ಹೋಗುವವರಿಗೆ ಉಣ್ಣೆ ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಎನ್ನುವುದು ಈ ಕಾರಣಕ್ಕೆ. ವಾಹಕ ಯಾವುದೆಂದು ತಿಳಿಯದೆ ತಡೆಯುವ ಬಗೆ ತಿಳಿಯದು.

ತಳಿ ವಿಜ್ಞಾನಿಗಳು ಈ ವಾಹಕವನ್ನು ಪಳಗಿಸಿದರು. 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ತಂಡಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಬೇರೆ ಜೀನನ್ನು ಸೇರಿಸಿ ಬ್ಯಾಕ್ಟೀರಿಯಾದೊಳಗೆ ಬಿಟ್ಟವು. ಹೀಗೆ ಜೀನನ್ನು ಹೊತ್ತು ಒಯ್ಯುವ ಪ್ಲಾಸ್ಮಿಡ್ಡೂ ವೆಕ್ಟರ್. ಇಂದು ಮಧುಮೇಹಿಗಳು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ಬಂದದ್ದು ಈ ದಾರಿಯಿಂದ. ನಮ್ಮಲ್ಲಿ ಕೋಟ್ಯಂತರ ಜನ ತೋಳೊಡ್ಡಿದ ಕೋವಿಶೀಲ್ಡ್‌ನಲ್ಲಿ ಇದ್ದದ್ದೂ ವೆಕ್ಟರೇ: ವೃದ್ಧಿಯಾಗದಂತೆ ಮಾಡಿದ ಚಿಂಪಾಂಜಿಯ ಶೀತದ ವೈರಸ್, ಅದರ ಬೆನ್ನ ಮೇಲೆ ಕೊರೊನಾದ ಒಂದು ಜೀನು.

ಕಂಪ್ಯೂಟರಿಗೆ ಬಂದರೆ ಪದ ಸಡಿಲವಾಗುತ್ತದೆ. 1976ರ ಕ್ರೇ-1 ಯಂತ್ರಕ್ಕೆ ವೆಕ್ಟರ್ ಎಂದರೆ ಒಂದೇ ಆದೇಶಕ್ಕೆ ಒಳಪಡುವ 64 ಸಂಖ್ಯೆಗಳ ಸಾಲು. ಸಿ++ ಭಾಷೆಯಲ್ಲಿ ಅದು ಬರೀ ಹಿಗ್ಗುವ ಪಟ್ಟಿ. ಆ ಹೆಸರನ್ನು ಹಳೆಯ ಭಾಷೆಗಳಿಂದ ತಂದ ಅಲೆಕ್ಸಾಂಡರ್ ಸ್ಟೆಪನೊವ್ ಅವರೇ ಆಮೇಲೆ ಅದು ತಕ್ಕ ಹೆಸರಲ್ಲ ಎಂದು ಬರೆದರು. ಫ್ಲೆಕ್ಸ್ ಅಂಗಡಿಯವರು ಸಿಡಿಆರ್ ಎಂಬ ವೆಕ್ಟರ್ ಫೈಲ್ ಕೇಳುವುದು ಇನ್ನೊಂದು ಕಾರಣಕ್ಕೆ. ಅಲ್ಲಿ ಚಿತ್ರ ಚುಕ್ಕಿಗಳಲ್ಲಿಲ್ಲ, ಗೆರೆಗಳ ಲೆಕ್ಕದಲ್ಲಿದೆ, ಹಾಗಾಗಿ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು.

ದಿಕ್ಕು ಮರಳಿದ್ದು ಹುಡುಕಾಟದ ವಿದ್ಯೆಯಲ್ಲಿ. 1975ರಲ್ಲಿ ಜೆರಾರ್ಡ್ ಸಾಲ್ಟನ್ ಮತ್ತು ಸಂಗಡಿಗರು ಪ್ರತಿ ದಾಖಲೆಯನ್ನೂ ಪದಗಳ ಎಣಿಕೆಯಿಂದಾದ ಒಂದು ಸದಿಶವೆಂದು ಬಗೆದರು. ಎರಡು ಸದಿಶಗಳ ನಡುವಿನ ಕೋನ ಚಿಕ್ಕದಾದಷ್ಟೂ ಬರಹಗಳ ವಿಷಯ ಹತ್ತಿರ. 2013ರಲ್ಲಿ ಗೂಗಲ್‌ನಲ್ಲಿದ್ದ ತೊಮಾಶ್ ಮಿಕೊಲೊವ್ ತಂಡ ಒಂದೊಂದು ಪದಕ್ಕೂ ಸದಿಶ ಕೊಟ್ಟಿತು. ರಾಜನಿಂದ ಗಂಡಸನ್ನು ಕಳೆದು ಹೆಂಗಸನ್ನು ಕೂಡಿದರೆ ರಾಣಿಯ ಹತ್ತಿರ ತಲುಪುತ್ತೇವೆ ಎಂಬ ಉದಾಹರಣೆ ಮನೆಮಾತಾಯಿತು. ಗ್ರಾಸ್‌ಮನ್ ಕಲ್ಪಿಸಿದ ಎಷ್ಟಾದರೂ ಆಯಾಮಗಳ ಲೋಕಕ್ಕೆ ಇದಕ್ಕಿಂತ ದೊಡ್ಡ ಬಳಕೆ ಸಿಕ್ಕಿಲ್ಲ ಎಂಬುದು ನನ್ನ ಎಣಿಕೆ. ಜನ ಬರೆದದ್ದನ್ನೇ ಓದಿ ಕಲಿತ ಈ ಸದಿಶಗಳಿಗೆ ಜನರ ಪೂರ್ವಗ್ರಹಗಳೂ ಅಂಟಿಕೊಂಡು ಬಂದವು ಎಂಬುದನ್ನೂ ಹೇಳಬೇಕು.

ಕನ್ನಡಕ್ಕೆ ಇದರಲ್ಲಿ ತೊಡಕೊಂದಿತ್ತು. ಮನೆ, ಮನೆಯಲ್ಲಿ, ಮನೆಯಿಂದಲೂ, ಮನೆಗಳಿಗೆ ಇವೆಲ್ಲ ಯಂತ್ರದ ಕಣ್ಣಿಗೆ ಬೇರೆಬೇರೆ ಪದಗಳು. ಫೇಸ್‌ಬುಕ್ ಸಂಶೋಧಕರ ಫಾಸ್ಟ್‌ಟೆಕ್ಸ್ಟ್ ಪದವನ್ನು ಅಕ್ಷರಗಳ ತುಣುಕುಗಳಾಗಿ ಒಡೆದು ನೋಡುವುದರಿಂದ ವಿಭಕ್ತಿ ಪ್ರತ್ಯಯ ಹತ್ತಿದ ರೂಪಗಳನ್ನೂ ಒಂದೆಡೆ ತರಬಲ್ಲದು. 2018ರಲ್ಲಿ ಅವರು 157 ಭಾಷೆಗಳ ಪದಸದಿಶಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಪ್ರತಿ ಪದಕ್ಕೆ 300 ಸಂಖ್ಯೆಗಳು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಕಂಪ್ಯೂಟರಿನಲ್ಲಿ ಅಷ್ಟಿಷ್ಟು ಕೈಯಾಡಿಸುವವರು ಅದನ್ನು ಇಳಿಸಿಕೊಂಡು, ತಮ್ಮ ಊರಿನ ಮಾತುಗಳಿಗೆ ಯಾವ ಪದಗಳು ನೆರೆಯವಾಗಿ ಬರುತ್ತವೆಂದು ನೋಡಬಹುದು.