ಮಾಲ್ಟಾದ ಮೇಕೆಗಳು

ಗಬ್ಬ ಕಟ್ಟಿದ ಮೇಕೆ ಐದು ತಿಂಗಳಿಗೆ ಈಯುತ್ತದೆ. ಹಾಲಿಗೆಂದು ಮೇಕೆ ಸಾಕಿದವರಿಗೆ ಆ ದಿನಗಳಲ್ಲಿ ನಿದ್ದೆಯಿಲ್ಲ. ನಡುರಾತ್ರಿ ಎದ್ದು ಕೊಟ್ಟಿಗೆ ನೋಡಬೇಕು, ಮರಿಯ ಮೂಗು ಬಾಯಿ ಒರೆಸಬೇಕು, ಗಿಣ್ಣುಹಾಲು ಕುಡಿಸಬೇಕು, ಮಾಸು ಬೀಳುವವರೆಗೆ ಕಾಯಬೇಕು. ಬೆಳಗಾದರೆ ಉಳಿದವುಗಳ ಹಾಲು ಕರೆಯಬೇಕು. ಬಾಣಂತನ ಮಾಡಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಆರೈಕೆಯಲ್ಲಿ ಅಡಗಿದ್ದ ಅಪಾಯವನ್ನು ಜಗತ್ತಿಗೆ ತೋರಿಸಿದ್ದು ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಮಾಲ್ಟಾ.

ಅಲ್ಲಿ ಮೇಕೆಗಳನ್ನು ಬೀದಿಗೆ ಹೊಡೆದುಕೊಂಡು ಬಂದು ಮನೆಬಾಗಿಲಲ್ಲೇ ಹಾಲು ಕರೆದು ಕೊಡುತ್ತಿದ್ದರು. ಕಣ್ಣೆದುರು ಕರೆದ ಹಾಲಿಗೆ ಯಾರ ಅನುಮಾನ? ಆದರೆ ಊರಲ್ಲಿ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಕಾಡುವ ಜ್ವರವಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಅದರ ರೋಗಾಣುವನ್ನು ಕಂಡುಹಿಡಿದರು. ನೋಡಲು ಆರೋಗ್ಯವಾಗಿರುವ ಮೇಕೆಗಳಲ್ಲೇ ಅದು ಇದೆಯೆಂದು ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲಿಸ್ ಝಮ್ಮಿತ್ ತೋರಿಸಿದ್ದು 1905ರಲ್ಲಿ. ಮರುವರ್ಷ ಬ್ರಿಟಿಷ್ ಸೈನಿಕರಿಗೆ ಆ ಹಾಲು ನಿಲ್ಲಿಸಿದರು. ಅವರಲ್ಲಿ ಜ್ವರ ಇಳಿಯಿತು. ಊರಿನವರು ಮಾತ್ರ ಇನ್ನೂ ಬಹುಕಾಲ ನರಳಿದರು.

ನನ್ನಂತೆಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದು, ಆಮೇಲೆ ವಿಜ್ಞಾನಿಯಾದ ಅಮೆರಿಕದ ಆಲಿಸ್ ಇವಾನ್ಸ್, ಹಸುಗಳು ಕಂದು ಹಾಕುವ ರೋಗಾಣುವೂ ಇದರ ಹತ್ತಿರದ ನಂಟೇ ಎಂದು 1918ರಲ್ಲಿ ಬರೆದರು. ಹಸಿ ಹಾಲು ಬೇಡವೆಂದರು. ದೊಡ್ಡವರೆನಿಸಿಕೊಂಡವರು ನಂಬಲಿಲ್ಲ. 1922ರಲ್ಲಿ ಅದೇ ಜ್ವರ ಆಕೆಗೇ ತಗಲಿ, ವರ್ಷಗಟ್ಟಲೆ ಮರುಕಳಿಸಿತು.

ಹಾಲು ಉಕ್ಕುವವರೆಗೆ ಕಾಯಿಸುವ ನಮ್ಮ ರೂಢಿ ಕುಡಿಯುವವರನ್ನು ಕಾಯುತ್ತದೆ. ಆದರೆ ಕಂದು ಹಾಕಿದ ಮೇಕೆಯ ಮಾಸಿನಲ್ಲಿ ರೋಗಾಣು ತುಂಬಿರುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿಹಾಕುವವಳಿಗೆ ಒಂದು ಜೊತೆ ಕೈಗವಸು ಕೊಡಿಸುವುದನ್ನು ಎಷ್ಟು ಮನೆಯವರು ನೆನೆದಿದ್ದಾರೆ?