ಕೂತವರ ಬೆನ್ನು, ಹೊತ್ತವರ ಬೆನ್ನು

ಪುಣೆಯ ಮಾರ್ಕೆಟ್ ಯಾರ್ಡ್ ಎದುರಿನ ರಸ್ತೆಯಲ್ಲಿ ನಾನೊಂದು ಆಫೀಸ್ ಕುರ್ಚಿಯನ್ನು ತಳ್ಳಿಕೊಂಡು ಹೋಗುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಕುರ್ಚಿ. ಅಂಗಡಿಯಿಂದ ನನ್ನ ಬಾಡಿಗೆ ಮನೆಗೆ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ಟೆಂಪೊದವನು ಕೇಳಿದ ಬಾಡಿಗೆ ಕುರ್ಚಿಯ ಬೆಲೆಯ ಕಾಲುಭಾಗದಷ್ಟಿತ್ತು. ಹೇಗೂ ಐದು ಚಕ್ರಗಳಿವೆಯಲ್ಲ ಎಂದು ತಳ್ಳತೊಡಗಿದೆ. ಕಿವಿಯಲ್ಲಿ ಫೋನು, ಆ ಕಡೆ ಅವ್ವ. ಗೇಟಿನ ಹತ್ತಿರ ಗೋಣಿಚೀಲಗಳ ಮೇಲೆ ಕೂತು ಬೀಡಿ ಸೇದುತ್ತಿದ್ದ ಹಿರಿಯರೊಬ್ಬರಿಗೆ ನನ್ನ ಮಾತು ಕೇಳಿಸಿರಬೇಕು.

"ಏನೋ ತಮ್ಮಾ, ಕುರ್ಚಿನ ದನಾ ಹೊಡ್ಕೊಂಡು ಹೋದಂಗ ಹೊಡ್ಕೊಂಡು ಹೊಂಟೀಯಲ್ಲ?"

ಇಂಡಿ ಕಡೆಯವರು. ಯಾರ್ಡಿನಲ್ಲಿ ಹಮಾಲಿ ಮಾಡುತ್ತಾ ಮೂವತ್ತು ವರ್ಷಗಳಾಗಿವೆಯಂತೆ. ಕೂತು ಕೂತು ಬೆನ್ನು ಹಿಡಿದಿದೆ, ಕುರ್ಚಿ ಬದಲಿಸು ಅಂತ ಡಾಕ್ಟರು ಹೇಳಿದ್ದಾರೆ ಎಂದೆ. ಅವರು ನಕ್ಕರು. "ನಮಗ ಹೊತ್ತು ಹೊತ್ತು ಬೆನ್ನು ಹೋಗೈತಿ, ನಿನಗ ಕೂತು ಕೂತು. ಬೆನ್ನು ಮಾತ್ರ ಎಲ್ಲಾರ್ದೂ ಒಂದ ನೋಡು."

ಆ ಮಾತು ಕುರ್ಚಿಗಿಂತ ಮೊದಲೇ ಮನೆ ಸೇರಿತು. ಕೆಲಸ ಬೆನ್ನನ್ನು ಹೇಗೆ ತಿನ್ನುತ್ತದೆ, ಅದನ್ನು ತಡೆಯಲು ಯಾರು ಏನು ಮಾಡಿದರು ಎಂದು ಹುಡುಕುತ್ತಾ ಹೋದೆ. ಕುರ್ಚಿ ಕೊಳ್ಳಲು ಹೊರಟಿರುವ ನಿಮಗೂ ಅದು ಉಪಯೋಗಕ್ಕೆ ಬಂದೀತು.

ಯಾರ್ಡಿನೊಳಗಿಂದಲೇ ಶುರು ಮಾಡೋಣ. ಇಲ್ಲಿನ ಹಳೆಯ ದಲಾಲಿ ಅಂಗಡಿಗಳಲ್ಲಿ ಇವತ್ತಿಗೂ ಗಾದಿ ಉಳಿದಿದೆ. ನೆಲದಿಂದ ತುಸು ಎತ್ತರದ ಕಟ್ಟೆ, ಅದರ ಮೇಲೆ ಬಿಳಿ ಹಾಸು, ಬೆನ್ನಿಗೆ ಲೋಡು, ಮುಂದೆ ಇಳಿಜಾರು ಹಲಗೆಯ ಗಿಡ್ಡ ಡೆಸ್ಕು. ಗುಲ್ಟೇಕಡಿಯ ಈ ಯಾರ್ಡಿಗೆ ಬರುವ ಮೊದಲು ನಾನಾ ಪೇಠ, ಭವಾನಿ ಪೇಠಗಳ ಇಕ್ಕಟ್ಟಿನಲ್ಲಿ ವ್ಯಾಪಾರ ನಡೆಯುತ್ತಿದ್ದಾಗಲೂ ಸಾಹುಕಾರರು ಕೂರುತ್ತಿದ್ದುದು ಹೀಗೆಯೇ. ಹುಬ್ಬಳ್ಳಿ, ಗದಗ, ಬ್ಯಾಡಗಿಯ ಪೇಟೆ ಕಂಡವರಿಗೆ ಇದೇನು ಹೊಸದಲ್ಲ. ಗಾದಿಯ ಮೇಲೆ ಕೂತವನು ಒಂದೇ ಭಂಗಿಯಲ್ಲಿ ಇರುವುದಿಲ್ಲ ಎಂಬುದನ್ನು ಗಮನಿಸಿ. ಚಕ್ಕಳಮಕ್ಕಳ ಹಾಕುತ್ತಾನೆ, ಒಂದು ಮೊಣಕಾಲು ಮೇಲೆತ್ತುತ್ತಾನೆ, ಲೋಡಿಗೆ ಒರಗುತ್ತಾನೆ, ಗಿರಾಕಿ ಬಂದರೆ ಮುಂದಕ್ಕೆ ಬಾಗುತ್ತಾನೆ.

ಬರೆಯುವ ಕೆಲಸದವರು ಕೂಡ ನೆಲದವರೇ. ಪುಣೆಯ ಪೇಶ್ವೆ ದಫ್ತರದಲ್ಲಿ ರುಮಾಲು ಕಟ್ಟಿ ಇಟ್ಟಿರುವ ಲೆಕ್ಕವಿಲ್ಲದಷ್ಟು ಮೋಡಿ ಲಿಪಿಯ ಕಾಗದಗಳಿವೆ. ಅವುಗಳಿಂದ ಆಯ್ದ ಪತ್ರಗಳನ್ನು ಗೋ. ಸ. ಸರದೇಸಾಯಿಯವರು 1930ರ ದಶಕದಲ್ಲಿ 45 ಸಂಪುಟಗಳಾಗಿ ಹೊರತಂದರು. ಆ ಕಾಗದಗಳನ್ನು ಬರೆದ ಕಾರಕೂನರು ನೆಲದ ಮೇಲೆ ಕೂತು, ಗಿಡ್ಡ ಡೆಸ್ಕಿನ ಮೇಲೆ ಬಾಗಿ ಬರೆದವರು. ನಮ್ಮ ಕಡೆಯ ಶಾನುಭೋಗರ ಕಥೆಯೂ ಅಷ್ಟೇ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹೊತ್ತಗೆಗೆ ಕಡತ ಎನ್ನುತ್ತಿದ್ದರು. ಆ ಹೊತ್ತಗೆ ಹೋಯಿತು, ಹೆಸರು ಉಳಿಯಿತು. ವಿಧಾನಸೌಧದ ಫೈಲಿಗೂ ನಾವು ಇವತ್ತು ಕಡತ ಎಂದೇ ಅನ್ನುತ್ತೇವೆ.

ಕುರ್ಚಿ ಮಾತ್ರ ಹೊರಗಿನಿಂದ ಬಂದದ್ದು. ಅರಬ್ಬಿಯ ಕುರ್ಸಿ ಪಾರಸಿಯ ದಾರಿಯಲ್ಲಿ ಬಂದು ಮರಾಠಿಯಲ್ಲಿ ಖುರ್ಚಿಯಾಯಿತು, ಕನ್ನಡದಲ್ಲಿ ಕುರ್ಚಿಯಾಯಿತು. ನಮಗೆ ಮಣೆ ಇತ್ತು, ಜಗಲಿ ಇತ್ತು, ದೇವರಿಗೂ ಅರಸರಿಗೂ ಗುರುಗಳಿಗೂ ಪೀಠ ಇತ್ತು. ಬ್ರಿಟಿಷರ ಕಚೇರಿಗಳ ಮೂಲಕ ಕುರ್ಚಿ ಹರಡಿತು. ಆಗ ಅದು ಬೆನ್ನಿನ ಹಿತಕ್ಕಿಂತ ಹೆಚ್ಚಾಗಿ ಅಂತಸ್ತಿನ ಗುರುತಾಗಿತ್ತು. ಸಾಹೇಬ ಕೂತಿರಬೇಕು, ರೈತ ನಿಂತಿರಬೇಕು. ಅಧಿಕಾರ ಹಿಡಿಯುವುದಕ್ಕೆ ನಾವು ಕುರ್ಚಿ ಹಿಡಿಯುವುದು ಎನ್ನುತ್ತೇವಲ್ಲ, ಅದರ ಹಿಂದೆ ಈ ಚರಿತ್ರೆಯ ನೆರಳಿದೆ. ಅಧಿಕಾರಿಯ ಕುರ್ಚಿಯ ಮೇಲೆ ಹಾಸಿದ ಬಿಳಿ ಟವೆಲ್ಲಿನಲ್ಲಿ ಆ ನೆರಳು ಈಗಲೂ ಕಾಣುತ್ತದೆ.

ಗುಮಾಸ್ತನಿಗೆಂದೇ ಬೇರೆ ಕುರ್ಚಿ ಬೇಕು ಎಂಬ ವಿಚಾರ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ರೈಲು, ಅಂಚೆ, ಬ್ಯಾಂಕುಗಳು ಬೆಳೆದು ಕಾಗದದ ಕೆಲಸ ಹೆಚ್ಚಿದಾಗ. 1849ರಲ್ಲಿ ಅಮೆರಿಕದ ಥಾಮಸ್ ವಾರನ್ ಎಂಬಾತ ಸ್ಪ್ರಿಂಗಿನ ಮೇಲೆ ಓಲಾಡುವ, ಸುತ್ತ ತಿರುಗುವ, ಚಕ್ರಗಳ ಮೇಲೆ ಸರಿಯುವ ಕುರ್ಚಿಯೊಂದನ್ನು ರೂಪಿಸಿದ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನು ಜನ ನೋಡಿದರು, ಆದರೆ ಬ್ರಿಟನ್ನಿನಲ್ಲಿ ಅದು ನೆಲೆಯೂರಲಿಲ್ಲ. ಬೆನ್ನು ನೆಟ್ಟಗೆ ಇಟ್ಟು ಕೂರುವುದೇ ಸಭ್ಯತೆ ಎಂದು ನಂಬಿದ್ದ ಕಾಲ ಅದು. ಅಷ್ಟೊಂದು ಆರಾಮ ಆ ಕಾಲಕ್ಕೆ ಒಗ್ಗಲಿಲ್ಲ. ನಿಸರ್ಗ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅಂಥ ಸಂಕೋಚ ಇಟ್ಟುಕೊಳ್ಳಲಿಲ್ಲ. ಓದುವ ಕೋಣೆಯಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಬೇಗ ಸರಿಯಲೆಂದು ತನ್ನ ಕುರ್ಚಿಗೆ ಚಕ್ರ ಹಾಕಿಸಿಕೊಂಡಿದ್ದ.

ಕೂರುವುದು ಕೂಡ ಕಾಯಿಲೆ ತರುತ್ತದೆ ಎಂಬುದು ಇದಕ್ಕೂ ಮೊದಲೇ ಗೊತ್ತಿತ್ತು. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಯನ್ನು ನೋಡುವ ವೈದ್ಯ 'ನೀನು ಏನು ಕೆಲಸ ಮಾಡುತ್ತೀಯ?' ಎಂದೂ ಕೇಳಬೇಕು ಎಂದು ಹೇಳಿದವನು ಆತ. 1713ರಲ್ಲಿ ಆ ಪುಸ್ತಕವನ್ನು ಹಿಗ್ಗಿಸಿದಾಗ ಬರೆಯುವವರ ಬಗ್ಗೆಯೂ ಸೇರಿಸಿದ. ಅವರ ನೋವಿಗೆ ಆತ ಕೊಟ್ಟ ಕಾರಣಗಳು ಮೂರು: ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುವುದು, ತಪ್ಪಾದೀತೆಂದು ಮನಸ್ಸನ್ನು ಬಿಗಿಹಿಡಿಯುವುದು. ಲೇಖನಿಯ ಜಾಗದಲ್ಲಿ ಮೌಸ್ ಇಟ್ಟು ಓದಿ, ನಮ್ಮದೇ ಮೆಡಿಕಲ್ ರಿಪೋರ್ಟ್ ಅನ್ನಿಸುತ್ತದೆ. ಅದೇ ಪುಸ್ತಕದಲ್ಲಿ ಹೊರೆ ಹೊರುವವರ ರೋಗಗಳ ಬಗ್ಗೆಯೂ ಒಂದು ಅಧ್ಯಾಯವಿದೆ. ಇಂಡಿಯ ಕಾಕಾ ಹೇಳಿದ ಎರಡು ಬೆನ್ನುಗಳು ಮುನ್ನೂರು ವರ್ಷದ ಹಿಂದೆಯೇ ಒಂದೇ ಹೊತ್ತಗೆಯೊಳಗೆ ಇದ್ದವು.

ರಾಮಾಜಿನಿ ಕೇಳೆಂದ ಪ್ರಶ್ನೆಯ ಮುಂದೆಯೇ ನಮ್ಮ ಯಾರ್ಡಿನ ಚರಿತ್ರೆಯ ದೊಡ್ಡ ಘಟನೆಯೊಂದು ನಿಂತಿದೆ. ನಾನಾ ಪೇಠದಲ್ಲಿ ವೈದ್ಯಕೀಯ ಮಾಡುತ್ತಿದ್ದ ಬಾಬಾ ಆಢಾವ ಅವರ ಬಳಿಗೆ ಪೇಟೆಯ ಹಮಾಲರು ಮೈಕೈ ನೋವೆಂದು ಬರುತ್ತಿದ್ದರು. ಗುಳಿಗೆಯಿಂದ ವಾಸಿಯಾಗುವ ನೋವು ಅದಲ್ಲ. ಕ್ವಿಂಟಲ್ ತೂಕದ, ಎಂದರೆ 100 ಕಿಲೊದ ಚೀಲಗಳನ್ನು ದಿನವಿಡೀ ಹೊರುವವರ ನೋವದು. 1950ರ ದಶಕದಲ್ಲಿ ಅವರು ಹಮಾಲರನ್ನು ಸಂಘಟಿಸಿ ಹಮಾಲ್ ಪಂಚಾಯತ್ ಕಟ್ಟಿದರು, ಮುಂದೆ ವೈದ್ಯಕೀಯವನ್ನೇ ಬಿಟ್ಟರು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯ್ದೆ ಬಂತು. ಮಾಥಾಡಿ ಎಂದರೆ ತಲೆಯ ಮೇಲೆ ಹೊರುವವನು. ಇಂಥ ಹಮಾಲ ಒಂದೇ ದಿನದಲ್ಲಿ ಹತ್ತು ಅಂಗಡಿಗಳ ಮಾಲು ಹೊತ್ತರೂ ಅವನಿಗೆ ಮಾಲೀಕನೆಂದು ಒಬ್ಬನೂ ಇರುತ್ತಿರಲಿಲ್ಲ. ಕಾಯ್ದೆಯ ಪ್ರಕಾರ ಅವನ ಹೆಸರು ಮಂಡಳಿಯಲ್ಲಿ ದಾಖಲಾಯಿತು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕಾಯಿತು. ಆ ಹಣದಿಂದ ಪ್ರಾವಿಡೆಂಟ್ ಫಂಡ್, ಗ್ರಾಚ್ಯುಯಿಟಿ, ರಜೆಯ ಸಂಬಳ ಸಾಧ್ಯವಾದವು.

ಚೀಲದ ತೂಕದ ಜಗಳ ಇನ್ನೂ ಉದ್ದ ನಡೆಯಿತು. ಒಬ್ಬ ಗಂಡಾಳಿನ ಹೊರೆ 55 ಕಿಲೊ ದಾಟಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಆಮೇಲೂ ಬಹಳ ವರ್ಷ ನಮ್ಮಲ್ಲಿ ಕ್ವಿಂಟಲ್ ಚೀಲಗಳೇ ಓಡಾಡಿದವು. ಅದು 50 ಕಿಲೊಗೆ ಇಳಿಯಲು ಹಮಾಲರು ಒಂದಾಗಿ ಹೊರುವುದಿಲ್ಲ ಎನ್ನಬೇಕಾಯಿತು. ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳಿ, ವ್ಯಾಯಾಮ ಮಾಡಿ ಎಂದು ಯಾರೋ ಅವರಿಗೆ ಹೇಳಬಹುದಿತ್ತು. ಅವರು ಹೊರೆಯನ್ನೇ ಕಡಿಮೆ ಮಾಡಿ ಎಂದು ಕೇಳಿದರು.

ಕೂತು ದುಡಿಯುವವರ ಕಡೆಗೆ ವಿಜ್ಞಾನ ಗಂಭೀರವಾಗಿ ತಿರುಗಿದ್ದು ಇದೇ ದಶಕಗಳಲ್ಲಿ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕೂತಿರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬೆನ್ನುಮೂಳೆಯ ಡಿಸ್ಕಿಗೆ ಸೂಜಿ ಹಾಕಿ ಒತ್ತಡ ಅಳೆದರು. ಬೆನ್ನಿಗೆ ಆಸರೆಯಿಲ್ಲದೆ ಕೂತಾಗ ನಿಂತಾಗಿಗಿಂತ ಒತ್ತಡ ಹೆಚ್ಚು, ಹಿಂದಕ್ಕೆ ಒರಗಿದರೆ ಇಳಿಯುತ್ತದೆ ಎಂದು ಅವರಿಗೆ ಕಂಡಿತು. 1999ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆ, ಸಡಿಲವಾಗಿ ಕೂತರೆ ಒತ್ತಡ ಅಷ್ಟೇನೂ ಇರುವುದಿಲ್ಲ ಎಂದಿತು. ಜೊತೆಗೆ ಭಂಗಿ ಬದಲಾಗುತ್ತಲೇ ಇರಬೇಕು ಎಂದೂ ಹೇಳಿತು. ಲೋಡಿಗೆ ಒರಗುತ್ತಾ, ಮೊಣಕಾಲು ಎತ್ತುತ್ತಾ ಕೂತಿದ್ದ ಗಾದಿಯ ಸಾಹುಕಾರ ಇದನ್ನು ಓದದೆಯೇ ಮಾಡುತ್ತಿದ್ದ.

ಇವತ್ತು ನಾವು ಆಸೆಯಿಂದ ನೋಡುವ ಜಾಲರಿ ಕುರ್ಚಿಗಳ ಹಿರಿಯಣ್ಣ 1994ರ ಏರಾನ್. ಅದನ್ನು ರೂಪಿಸಿದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಮೊದಲು ವೃದ್ಧರಿಗಾಗಿ ಕುರ್ಚಿಯೊಂದನ್ನು ಮಾಡಲು ಹೊರಟಿದ್ದರು. ಗಂಟೆಗಟ್ಟಲೆ ಕೂತವರ ಮೈಯನ್ನು ಫೋಮ್ ಬಿಸಿ ಮಾಡುತ್ತದೆ, ಹುಣ್ಣಾಗಲು ಕಾರಣವಾಗುತ್ತದೆ ಎಂದು ತಿಳಿದು ಗಾಳಿಯಾಡುವ ಜಾಲರಿಯ ಕಡೆಗೆ ಬಂದರು. ನಮ್ಮ ಸರ್ಕಾರಿ ಕಚೇರಿಗಳ ಬೆತ್ತ ಹೆಣೆದ ಕುರ್ಚಿ ಆ ಗುಣವನ್ನು ಬಹಳ ಹಿಂದೆಯೇ ಪಡೆದಿತ್ತು. ಏರಾನ್ ಕಲಿಸಿದ ಇನ್ನೊಂದು ಪಾಠವೆಂದರೆ ಅದು ಮೂರು ಅಳತೆಗಳಲ್ಲಿ ಬಂದದ್ದು. ಚಪ್ಪಲಿಗೆ ಸೈಜು ನೋಡುವ ನಾವು ಕುರ್ಚಿಗೆ ನೋಡುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ದೇಬಕುಮಾರ್ ಚಕ್ರಬರ್ತಿ 1997ರಲ್ಲಿ ಭಾರತೀಯರ ಮೈ ಅಳತೆಗಳ ಪುಸ್ತಕವನ್ನೇ ಹೊರತಂದರು. ಬೇರೆ ದೇಶದವರ ಮೈಗೆ ಮಾಡಿದ ಕುರ್ಚಿ ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ಹೆಂಗಸರಿಗೆ, ಎತ್ತರವಾಗುತ್ತದೆ, ಆಳವಾಗುತ್ತದೆ.

ಹಾಗಾಗಿ ಅಂಗಡಿಗೆ ಹೋದರೆ ಹೆಸರು ನೋಡುವ ಮೊದಲು ಕೂತು ನೋಡಿ, ಹತ್ತು ನಿಮಿಷವಾದರೂ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಊರದಿದ್ದರೆ ಕುರ್ಚಿ ತಗ್ಗಿಸಿ, ಮೇಜು ಎತ್ತರವಾದರೆ ಕಾಲಡಿಗೆ ಒಂದು ಮಣೆ ಇಡಿ. ಬೆನ್ನು ಹಿಂದಕ್ಕೆ ತಾಗಿಸಿ ಕೂತಾಗ ಮೊಣಕಾಲಿನ ಹಿಂಬದಿಗೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಯಬೇಕು. ಸೊಂಟದ ಆಸರೆ ನಿಮ್ಮ ಸೊಂಟದ ಎತ್ತರಕ್ಕೇ ಸಿಗಬೇಕು. ಕೈಯಾಸರೆ ಹೆಗಲನ್ನು ಮೇಲೆ ತಳ್ಳಬಾರದು. ಬೆನ್ನೊರಗು ಹಿಂದಕ್ಕೆ ಬಾಗುವಂತಿರಲಿ, ಅದನ್ನು ಲಾಕ್ ಮಾಡಿ ಇಡಬೇಡಿ. ಇಷ್ಟು ಸರಿಯಿದ್ದರೆ ದುಬಾರಿ ಕುರ್ಚಿಯೇ ಬೇಕೆಂದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಲು ಕುರ್ಚಿ ಯಾವುದಾದರೇನು?

ಏಳಲು ಬಿಡುವು ಯಾರು ಕೊಡುತ್ತಾರೆ ಎನ್ನುವುದೇ ಕಷ್ಟದ ಪ್ರಶ್ನೆ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ದುಡಿಯುತ್ತಿದ್ದರು. ಅವರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಸಿಕೊಂಡರು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಮಗೆ ಬೇಕಾದದ್ದು ಅದರ ಉಲ್ಟಾ, ಏಳುವ ಹಕ್ಕು. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಚರ್ಚೆಗೆ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು. ನನ್ನ ವಾಟ್ಸಾಪ್ ಗುಂಪುಗಳಲ್ಲಿ ಆ ವಾರವೂ ಯಾವ ಕುರ್ಚಿ ಒಳ್ಳೆಯದು ಎಂಬ ಚರ್ಚೆಯೇ ಹೆಚ್ಚು ನಡೆದಿತ್ತು. ನಾನೂ ಅದರಲ್ಲಿದ್ದೆ.

ಕುರ್ಚಿ ಬಂದು ಈಗ ಎಂಟು ತಿಂಗಳು. ನೋವು ಅರ್ಧ ಇಳಿದಿದೆ. ಮೊನ್ನೆ ಗೇಟಿನ ಹತ್ತಿರ ಕಾಕಾ ಮತ್ತೆ ಸಿಕ್ಕರು.

"ಕುರ್ಚಿ ಹೆಂಗೈತಿ?"

"ಚೊಲೋ ಐತಿ ಕಾಕಾ. ಆದ್ರ ಬೆನ್ನು ಪೂರಾ ಬಿಟ್ಟಿಲ್ಲ."

"ದಿನಾ ಎಷ್ಟು ತಾಸು ಕುಂದರತಿ?"

ತಕ್ಷಣ ಹೇಳಲಾಗಲಿಲ್ಲ. ಲೆಕ್ಕ ಹಾಕಿದೆ. ಹನ್ನೊಂದು ಎಂದೆ, ಕೆಲವು ದಿನ ಹನ್ನೆರಡು. ಅವರು ತಮ್ಮ ಪಕ್ಕದ ಚೀಲವನ್ನು ತಟ್ಟಿದರು. ಅದರ ಮೇಲೆ ನೀಲಿ ಮಸಿಯಲ್ಲಿ 50 ಕೆ.ಜಿ. ಎಂದು ಅಚ್ಚಾಗಿತ್ತು.

"ನಮ್ಮ ಚೀಲದ ಮ್ಯಾಲ ಬರದಾರ ನೋಡು. ನಿಮ್ಮದರ ಮ್ಯಾಲ ಯಾರೂ ಬರದಿಲ್ಲೇನು?"

ಇಲ್ಲ ಎಂದೆ. ಲಾರಿ ಬಂತು, ಅವರು ಎದ್ದರು. ಹನ್ನೊಂದು ಗಂಟೆಗೆ ಮೀಟಿಂಗ್ ಇತ್ತು, ನಾನು ಮನೆಗೆ ಬಂದು ಕೂತೆ.